ಕೊಡುವ ಕೈ ಹೆಚ್ಚಾದ ಊರಿನಲ್ಲಿ

ಮಿಷನರಿ ಎಂದರೆ ನಮಗೆ ತಟ್ಟನೆ ನೆನಪಾಗುವುದು ಕಿಟ್ಟೆಲ್ಲರ ಕಾಲದ ಚಿತ್ರ. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದವರು, ಮನೆಯಿಂದ ಒಂದು ಕಾಗದ ಬರಲಿ ಎಂದು ಮತ್ತೆ ತಿಂಗಳುಗಟ್ಟಲೆ ಕಾದವರು, ಊರ ಮಾತು ಕಲಿಯದೆ ಬೇರೆ ದಾರಿಯೇ ಇಲ್ಲದವರು. ಅರ್ಧ ಪಾಠವನ್ನು ಅವರಿಗೆ ದೂರವೇ ಕಲಿಸಿತು. ಮೆಕ್ಸಿಕೋದ ವಾಯವ್ಯ ಮೂಲೆಯ ತಿಹುವಾನಾಕ್ಕೆ (ಬರೆಯುವಾಗ 'ಜ', ಕರೆಯುವಾಗ 'ಹ') ಬಂದು ನೆಲೆಸುವ ಮಿಷನರಿಗೆ ಆ ದೂರ ದಕ್ಕುವುದಿಲ್ಲ. ಗಡಿಯ ಆಚೆ ಸ್ಯಾನ್ ಡಿಯಾಗೋ. ಸಾಲು ಉದ್ದವಿಲ್ಲದ ದಿನ ಕಾರಿನಲ್ಲಿ ಅರ್ಧ ಗಂಟೆಯ ಹಾದಿ. ಅವರಿಗೆ ಹಣ ಕಳಿಸುವ ಚರ್ಚು, ಅದರ ಹಿರಿಯರು, ಯುವಕ ಸಂಘದ ಹುಡುಗರು, ಬಟ್ಟೆಯ ಬೀರು ಖಾಲಿ ಮಾಡಬೇಕೆಂದಿರುವ ಅಜ್ಜಿಯರು ಎಲ್ಲರೂ ಶನಿವಾರ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದಷ್ಟು ಹತ್ತಿರ.

ಈ ಊರಿನ ಮಿಷನ್ ಕೆಲಸದ ಬಗ್ಗೆ ಯೋಚಿಸಿದಾಗಲೆಲ್ಲ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತೇನೆ. ಬಡತನ ಇದೆ, ಅದರ ಹಿಂದೆಯೇ ಅಗತ್ಯವೂ ಇದೆ. ಆದರೆ ದಿನದ ಬಹುಪಾಲು ಹೊತ್ತು ಹೋಗುವುದು ಬಡತನದ ಜೊತೆ ಗುದ್ದಾಡುವುದರಲ್ಲಲ್ಲ, ಕೊಡಬೇಕೆಂದು ಬಂದವರನ್ನು ಸಂಭಾಳಿಸುವುದರಲ್ಲಿ. ಮದುವೆ ಮನೆಯಲ್ಲಿ ಕೆಲಸಕ್ಕಿಂತ ಕೆಲಸ ಹೇಳುವವರೇ ಹೆಚ್ಚಾದರೆ ಅಡುಗೆಯವನ ಪಾಡು ಏನಾಗುತ್ತದೋ ಹಾಗೆ. ವಾಕ್ಯ ಸಾರುವುದು, ಪ್ರಾರ್ಥನೆ, ದೀಕ್ಷಾಸ್ನಾನ ಎಲ್ಲ ನಡೆಯುತ್ತದೆ, ಸರಿ. ಅದರ ಸುತ್ತ ಇರುವ ದಿನಚರಿಯನ್ನು ನೋಡಿದರೆ ಮಾತ್ರ ಈ ಕೆಲಸದ ಕಷ್ಟ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಮೊದಲು ನೀರಿನ ಲೆಕ್ಕ

2020ರ ಜನಗಣತಿಯಲ್ಲಿ ತಿಹುವಾನಾದ ಜನಸಂಖ್ಯೆ 19 ಲಕ್ಷ ದಾಟಿತ್ತು. ಒಳ್ಳೆಯ ನದಿ ಇಲ್ಲದ, ಚಳಿಗಾಲದಲ್ಲಿ ಒಂದಿಷ್ಟು ಮಳೆ ಬಿಟ್ಟರೆ ಒಣಗಿಯೇ ಇರುವ ಗುಡ್ಡಗಳ ಮೇಲೆ ಇಷ್ಟು ಜನ. ಕುಡಿಯುವ ನೀರಿನ ಬಹುಪಾಲು ಕೊಲರಾಡೋ ನದಿಯದು. ಮರುಭೂಮಿ ದಾಟಿಸಿ, ಲಾ ರುಮೊರೋಸಾ ಘಟ್ಟದ ಮೇಲೆ ಸಾವಿರ ಮೀಟರಿಗೂ ಮಿಕ್ಕಿ ಪಂಪಿನಿಂದ ಎತ್ತಿ ತರುತ್ತಾರೆ. ಊರಂಚಿನ ಹೊಸ ಬಡಾವಣೆಗಳಿಗೆ, ಅಲ್ಲಿನವರು 'ಕೊಲೋನಿಯಾ' ಎನ್ನುವ ಜಾಗಗಳಿಗೆ, ಆ ಕೊಳವೆ ಇನ್ನೂ ತಲುಪಿಲ್ಲ. ತಲುಪಿದ ಕಡೆಯೂ ಸರದಿಯ ಮೇಲೆ ಬಿಡುತ್ತಾರೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಹೆಸರುಗಳಷ್ಟೇ ಬೇರೆ. ಟ್ಯಾಂಕರಿಗೆ 'ಪೀಪಾ', ತಾರಸಿ ಮೇಲಿನ ಟ್ಯಾಂಕಿಗೆ 'ತಿನಾಕೋ', ಕುಡಿಯುವ ನೀರಿನ 20 ಲೀಟರ್ ಕ್ಯಾನಿಗೆ 'ಗರ್ರಫೋನ್'. ತಿನಾಕೋ ಕೊಳ್ಳಲಾಗದವರ ಅಂಗಳದಲ್ಲಿ 200 ಲೀಟರಿನ ಡ್ರಮ್ಮು, 'ತಾಂಬೋ'. ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎನ್ನುವುದು ಮುಖ್ಯ. ಕಾರ್ಖಾನೆಯ ರಾಸಾಯನಿಕ ತುಂಬಿದ್ದ ಡ್ರಮ್ಮುಗಳೂ ಸಂತೆಗೆ ಬರುತ್ತವೆ, ಎಷ್ಟು ತೊಳೆದರೂ ಅವು ನೀರಿಗೆ ಯೋಗ್ಯವಲ್ಲ. ಹೊಸದಾಗಿ ಬಂದ ಮಿಷನರಿ ಬೈಬಲ್ ತರಗತಿ ಶುರು ಮಾಡುವ ಮೊದಲು ಕಲಿಯಬೇಕಾದ್ದು ಇಂಥವು: ಯಾವ ಪೀಪಾದವನು ಮಳೆ ಬಂದ ಮೇಲೂ ಗುಡ್ಡ ಹತ್ತುತ್ತಾನೆ, ಯಾವ ಬೀದಿಯ ಜೇಡಿಯಲ್ಲಿ ಚಕ್ರ ಹೂತು ಹೋಗುತ್ತದೆ, ಯಾರ ಮನೆಯ ಡ್ರಮ್ಮಿಗೆ ಮುಚ್ಚಳವಿಲ್ಲ.

ಈ ಗುಡ್ಡಗಳಲ್ಲಿ ಇರುವವರು ಬಹುಪಾಲು ಹೊರಗಿನಿಂದ ಬಂದವರೇ. ಅಮೆರಿಕದ ಹೊಲಗಳಿಗೆ ಮೆಕ್ಸಿಕನ್ ಕೂಲಿಗಳನ್ನು ಕರೆಸುತ್ತಿದ್ದ ಬ್ರಸೇರೋ ಒಪ್ಪಂದ 1964ರಲ್ಲಿ ಮುಗಿಯಿತು. ಮರುವರ್ಷವೇ ಗಡಿಯುದ್ದಕ್ಕೂ ಕಾರ್ಖಾನೆಗಳನ್ನು ತರುವ ಯೋಜನೆ ಬಂತು. ಬಿಡಿಭಾಗ ಆಚೆಯಿಂದ ಬರುತ್ತದೆ, ಇಲ್ಲಿ ಜೋಡಣೆಯಾಗಿ ಮತ್ತೆ ಆಚೆ ಹೋಗುತ್ತದೆ, ಇವೇ 'ಮಕಿಲಾ'ಗಳು. ದಕ್ಷಿಣದ ಓಹಾಕಾ, ಗೆರೇರೋ, ಚಿಯಾಪಾಸ್ ಕಡೆಯಿಂದ ಕೆಲಸ ಹುಡುಕಿ ಬಂದವರು ಕಂತಿನಲ್ಲಿ ತುಂಡು ಜಾಗ ಹಿಡಿದು ಮನೆ ಎಬ್ಬಿಸಿಕೊಳ್ಳುತ್ತಾರೆ. ಗುಡ್ಡ ಕುಸಿಯದಂತೆ ಹಳೇ ಟೈರುಗಳನ್ನು ಮಣ್ಣು ತುಂಬಿ ಮೆಟ್ಟಿಲಿನಂತೆ ಪೇರಿಸಿದ ತಡೆಗೋಡೆ, ಸ್ಯಾನ್ ಡಿಯಾಗೋದವರು ಕಿತ್ತೆಸೆದ ಗ್ಯಾರೇಜಿನ ಮರದ ಬಾಗಿಲುಗಳೇ ಮನೆಯ ಗೋಡೆ. ಗಡಿ ದಾಟಿದ ವಸ್ತುಗಳು ಎರಡನೇ ಜನ್ಮ ಎತ್ತುವುದು ಹೇಗೆಂದು ಈ ಜನರಿಗೆ ಯಾವ ಮಿಷನರಿಯೂ ಹೇಳಿಕೊಡಬೇಕಿಲ್ಲ.

ನಾಲ್ಕು ದಿನದ ಮನೆ

ಈ ಊರಿನಲ್ಲಿ ಪ್ರಾಟೆಸ್ಟೆಂಟ್ ಮಿಷನ್ ಎಂದರೆ ಮನೆ ಕಟ್ಟುವುದು ಎಂಬಷ್ಟು ಈ ಕೆಲಸ ಬೇರೂರಿದೆ. ಆಮೋರ್ ಮಿನಿಸ್ಟ್ರೀಸ್ ಎಂಬ ಸಂಸ್ಥೆ 1980ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಅದರ ಹಿಂದೆ ಇನ್ನೂ ಹಲವು ಬಂದವು. ಹದಿನೈದು ಇಪ್ಪತ್ತು ಜನರ ತಂಡ ಗಡಿ ದಾಟಿ ಬಂದು, ವಿದ್ಯುತ್ ಉಪಕರಣವಿಲ್ಲದೆ, ಕೈಗರಗಸ ಸುತ್ತಿಗೆಯಲ್ಲೇ, ಸುಮಾರು 11 ಅಡಿಗೆ 22 ಅಡಿಯ ಮನೆಯನ್ನು ನಾಲ್ಕೈದು ದಿನದಲ್ಲಿ ಎಬ್ಬಿಸಿ ಬೀಗದ ಕೈ ಕೊಟ್ಟು ಹೋಗುತ್ತದೆ. ಕೇಳಲು ಸೊಗಸು. ಆದರೆ ನಾಲ್ಕು ದಿನದ ಮನೆಯ ಹಿಂದೆ ನಾಲ್ಕು ತಿಂಗಳ ತಯಾರಿ ಇರುತ್ತದೆ, ಅದನ್ನು ಮಾಡುವವನು ಫೋಟೋದಲ್ಲಿ ಇರುವುದಿಲ್ಲ.

ಮೊದಲು ಜಾಗದ ಕಾಗದ. ಖರೀದಿ ಕರಾರು, ಕಂತು ಕಟ್ಟಿದ ರಸೀದಿಗಳು, ಮಾರಿದವನಿಗೆ ಮಾರುವ ಹಕ್ಕಿತ್ತೇ ಎನ್ನುವ ವಿಚಾರಣೆ. ಒತ್ತುವರಿ ಜಾಗದಲ್ಲಿ ಮನೆ ಎದ್ದರೆ ನಾಳೆ ಒಕ್ಕಲೆಬ್ಬಿಸುವುದು ಮನೆಯವರನ್ನೇ. ಕಟ್ಟಿದ ತಂಡ ಆ ಹೊತ್ತಿಗೆ ಊರು ಸೇರಿರುತ್ತದೆ. ಆಮೇಲೆ ನೆಲ. ಇಳಿಜಾರನ್ನು ಕಡಿದು ಸಮ ಮಾಡುವಾಗ ಅರ್ಧ ಜಾಗ ಗಟ್ಟಿನೆಲ, ಇನ್ನರ್ಧ ಟೈರು ಗೋಡೆಯ ಹಿಂದೆ ಹೊಸದಾಗಿ ತುಂಬಿದ ಮಣ್ಣು ಆಗುವುದು ಸಾಮಾನ್ಯ. ತುಂಬಿದ ಮಣ್ಣನ್ನು ಒಂದೊಂದು ಗೇಣು ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡದಿದ್ದರೆ ಮೊದಲ ಮಳೆಗೇ ಆ ಭಾಗ ಕುಗ್ಗುತ್ತದೆ, ಕಾಂಕ್ರೀಟು ನಡುಮಧ್ಯೆ ಸೀಳುತ್ತದೆ. ಆದ್ದರಿಂದ ಅನುಭವಸ್ಥರು ಮನೆಯನ್ನು ಚಿಕ್ಕದು ಮಾಡಿಯಾದರೂ ಪೂರ್ತಿ ಕಡಿದ ನೆಲದ ಮೇಲೆಯೇ ಕೂರಿಸುತ್ತಾರೆ.

ಮೊದಲ ದಿನ ಬೆಳಿಗ್ಗೆ ಹಲಗೆ ಕಟ್ಟಿ ಮೂಲೆ ನೋಡುತ್ತಾರೆ. 11ಕ್ಕೆ 22 ಅಡಿಯಾದರೆ ಎರಡೂ ಕರ್ಣ 24 ಅಡಿ 7 ಅಂಗುಲ ಚಿಲ್ಲರೆ ಬರಬೇಕು. ಒಂದು ಕರ್ಣ ಉದ್ದವಾಗಿ ಇನ್ನೊಂದು ಗಿಡ್ಡವಾದರೆ ಮೂಲೆ ಸೊಟ್ಟ. ಅದನ್ನು ಆಗಲೇ ಸರಿಮಾಡದಿದ್ದರೆ ಮೂರನೇ ದಿನ ಮಾಡಿನ ಹಲಗೆ ಒಂದು ಕಡೆ ಸಾಲುವುದಿಲ್ಲ. 4 ಅಂಗುಲ ದಪ್ಪದ ಈ ನೆಲಕ್ಕೆ ಸುಮಾರು 2.3 ಘನ ಮೀಟರ್ ಕಾಂಕ್ರೀಟು ಬೇಕು. ಒಂದು ಬಕೆಟ್ ಸಿಮೆಂಟು, ಎರಡು ಮರಳು, ಮೂರು ಜಲ್ಲಿಯ ಲೆಕ್ಕದಲ್ಲಿ 50 ಕಿಲೋದ ಹದಿನೈದು ಹದಿನಾರು ಚೀಲ ಸಿಮೆಂಟು. ಕಲಸಲು 400 ಲೀಟರಿಗೂ ಹೆಚ್ಚು ನೀರು. ಅಂದರೆ ಎರಡು ತಾಂಬೋ. ಹನ್ನೆರಡು ಗಂಟೆಯ ಹೊತ್ತಿಗೆ ತಂಡದ ಹುಡುಗರು ಡ್ರಮ್ಮಿನಿಂದ ಬಕೆಟ್ಟು ಬಕೆಟ್ಟಾಗಿ ಮೊಗೆಯುತ್ತಿದ್ದರೆ, ಮನೆಯಾಕೆ ನಗುಮುಖದಲ್ಲೇ ನಿಂತು ತನ್ನ ವಾರದ ನೀರು ಮುಗಿಯುವುದನ್ನು ನೋಡುತ್ತಿರುತ್ತಾಳೆ. ಬೇಡ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ, ಕೇಳಬೇಕು ಎಂದು ಇವರಿಗೆ ತೋಚುವುದಿಲ್ಲ. ಹಿಂದಿನ ದಿನವೇ ಒಂದು ಪೀಪಾ ತರಿಸಿ, ಮನೆಯವರ ಡ್ರಮ್ಮು ತುಂಬಿಸಿ ಮುಚ್ಚಿಟ್ಟು, ಕೆಲಸಕ್ಕೆ ಬೇರೆ ಡ್ರಮ್ಮು ಇಡುವುದು. ಇಷ್ಟು ಚಿಕ್ಕ ಕೆಲಸವನ್ನು ಮರೆಯದವನೇ ಒಳ್ಳೆಯ ಮಿಷನರಿ ಎಂದು ನನ್ನ ಎಣಿಕೆ. ಅವನ ಪ್ರಸಂಗ ಹೇಗಿರುತ್ತದೋ ಆಮೇಲೆ ನೋಡೋಣ.

ಕೈಯಲ್ಲಿ ಕಲಸುವಾಗ ಆಗುವ ತಪ್ಪು ಯಾವಾಗಲೂ ಒಂದೇ. ತೋಳು ಸೋತಂತೆ ನೀರು ಹೆಚ್ಚು ಸುರಿಯುತ್ತಾರೆ. ಸಲಿಕೆ ಸುಲಭವಾಗಿ ಆಡುತ್ತದೆ, ಆದರೆ ಒಣಗಿದ ಮೇಲೆ ಮೈ ಪುಡಿಪುಡಿ ಏಳುತ್ತದೆ. ಮರುಭೂಮಿಯಿಂದ ಬೀಸುವ ಸಾಂತಾ ಆನಾ ಬಿಸಿಗಾಳಿಯ ದಿನವಾದರೆ ಮೇಲ್ಮೈ ಬೇಗ ಒಣಗಿ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಒದ್ದೆ ಗೋಣಿಯನ್ನೋ ಪ್ಲಾಸ್ಟಿಕ್ಕನ್ನೋ ಹೊದಿಸಬೇಕು. ಹಸಿ ಸಿಮೆಂಟು ಚರ್ಮ ಸುಡುತ್ತದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಸಂಜೆಗೆ ಚಪ್ಪಲಿಯಲ್ಲಿ ಬಂದವರ ಕಾಲು ಹೇಳುತ್ತದೆ.

ಗೋಡೆಗೆ ಎರಡು ಅಂಗುಲಕ್ಕೆ ನಾಲ್ಕಂಗುಲದ ಮರದ ತುಂಡು, ಅಲ್ಲಿನ ಮಾತಿನಲ್ಲಿ 'ಬರ್ರೋತೆ'. ಚೌಕಟ್ಟು ನಿಂತ ಮೇಲೆ ಸುತ್ತಲೂ ಅಡ್ಡಡ್ಡ ಬಿಗಿಯಾಗಿ ತಂತಿ ಎಳೆದು, ಮೇಲೆ ಟಾರು ಬಳಿದ ಕಪ್ಪು ಕಾಗದ, ಅದರ ಮೇಲೆ ಕೋಳಿಗೂಡಿನ ಬಲೆ, ಅದಕ್ಕೆ ಸಿಮೆಂಟು ಮರಳಿನ ಗಾರೆ. ತಂತಿ ಸಡಿಲವಾದರೆ ಕಾಗದ ಒಳಕ್ಕೆ ಬಾಗುತ್ತದೆ, ಗಾರೆ ಬಿರಿಯುತ್ತದೆ. ಬಲೆಯನ್ನು ಕಾಗದಕ್ಕೆ ಅಂಟಿಸಿ ಬಡಿದರೆ ಗಾರೆಗೆ ಹಿಡಿತ ಸಿಗದೆ ಹಪ್ಪಳದಂತೆ ಕಳಚುತ್ತದೆ. ಬಲೆಯ ಹಿಂದೆ ಬೆರಳ ದಪ್ಪವಾದರೂ ಗಾರೆ ನುಗ್ಗಲು ಜಾಗ ಬಿಡಬೇಕು. ಮೊದಲ ಪದರವನ್ನು ಅಡ್ಡಡ್ಡ ಗೀರಿ ಒಂದೆರಡು ದಿನ ನೀರು ಚಿಮುಕಿಸಿ ಆರಲು ಬಿಡಬೇಕು, ಆಮೇಲೆ ಎರಡನೆಯದು. ತೊಡಕು ಬರುವುದು ಇಲ್ಲಿಯೇ. ಗಾರೆಗೆ ಬೇಕಾದಷ್ಟು ದಿನ ತಂಡಕ್ಕೆ ರಜೆ ಇರುವುದಿಲ್ಲ. ಗುರುವಾರ ಬೀಗದ ಕೈ ಕೊಡುವ ಕಾರ್ಯಕ್ರಮ, ಪ್ರಾರ್ಥನೆ, ಕಣ್ಣೀರು, ಫೋಟೋ. ಆದ್ದರಿಂದ ಮರುದಿನವೇ ಎರಡನೇ ಪದರ ಬಳಿದು ಮುಗಿಸುತ್ತಾರೆ. ಎರಡನೇ ಪದರವನ್ನು ಅದೇ ಬೀದಿಯ ಗಾರೆಯವನಿಗೆ, 'ಅಲ್ಬನ್ಯಿಲ್'ಗೆ, ಕೂಲಿ ಕೊಟ್ಟು ಮುಂದಿನ ವಾರ ಮಾಡಿಸಿದರೆ ಗೋಡೆಯೂ ಬಾಳುತ್ತದೆ, ಅವನ ಮನೆಗೂ ದುಡ್ಡು ಹೋಗುತ್ತದೆ. ಆದರೆ ಫೋಟೋದಲ್ಲಿ ಮನೆ ಅರೆಬರೆಯಾಗಿ ಕಾಣುತ್ತದಲ್ಲ! ಮಿಷನರಿಯ ಸಂಬಳ ಬರುವುದು ತಿಂಗಳ ಪತ್ರದ ಜೊತೆ ಹೋಗುವ ಫೋಟೋದಿಂದ. ಈ ಗಂಟನ್ನು ಬಿಡಿಸಿದವರು ಕಡಿಮೆ.

ತಂಡ ಹೋದ ಮೇಲಿನ ಸೋಮವಾರ ಬಾಗಿಲು ಬಡಿಯುವವರು ಇಬ್ಬರು. ಮಾಡು ಸೋರುತ್ತಿದೆ ಎನ್ನುವ ಹೊಸ ಮನೆಯಾಕೆ, ನಮ್ಮ ಸರದಿ ಯಾವಾಗ ಎನ್ನುವ ಪಕ್ಕದ ಮನೆಯಾಕೆ. ಮಾಡಿನದು ಸುಲಭ, ಮೊಳೆಯ ತಲೆಗಳಿಗೆಲ್ಲ ಟಾರು ಮೆತ್ತಿದರಾಯಿತು.

26ರ ಕಾಲು, 12ರ ಬೂಟು

ಬಟ್ಟೆಬರೆಯ ಮೂಟೆಗಳದು ಇನ್ನೊಂದು ಪುರಾಣ. ಮೆಕ್ಸಿಕೋದಲ್ಲಿ ಚಪ್ಪಲಿ ಅಳತೆ ಸೆಂಟಿಮೀಟರಿನಲ್ಲಿ. ಅಮೆರಿಕ ಸೇರಲೆಂದು ದಕ್ಷಿಣದಿಂದ ನಡೆದು ಬಂದ ಗಂಡಸಿಗೆ ಬೇಕಾಗುವುದು 25, 26. ಅಮೆರಿಕದ ಲೆಕ್ಕದಲ್ಲಿ ಏಳು ಎಂಟು. ಬರುವುದು ಹನ್ನೊಂದು ಹನ್ನೆರಡರ ಬೂಟುಗಳು. ಚಿಕ್ಕ ಸೊಂಟದ ಪ್ಯಾಂಟು ಬೇಕು, ಬರುವುದು ನಲವತ್ತರದು. ನಡೆದೂ ನಡೆದೂ ಬಂದವರಿಗೆ ಹೊಸ ಕಾಲುಚೀಲ, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡು, ಮಕ್ಕಳ ದೊಡ್ಡ ಸೈಜಿನ ಡೈಪರು ತುರ್ತಾಗಿ ಬೇಕು. ಬೀರುವಿನಲ್ಲಿ ಬಿದ್ದಿರದ ವಸ್ತುಗಳು ಇವೇ, ಹಾಗಾಗಿ ಬರದಿರುವುದೂ ಇವೇ. ಬಂದ ಮೂಟೆ ಬಿಚ್ಚಿ, ವಿಂಗಡಿಸಿ, ಹರಿದದ್ದನ್ನು ಎಸೆಯಲು ಎರಡು ಜನರ ಎರಡು ದಿನ ಹೋಗುತ್ತದೆ. ಎಸೆಯುವ ಕಸಕ್ಕೂ ಈ ಗುಡ್ಡಗಳಲ್ಲಿ ಜಾಗವಿಲ್ಲ.

ಇನ್ನೊಂದು ವಿಷಯ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ತಿಹುವಾನಾದಲ್ಲಿ ವಾರದ ಒಂದೊಂದು ದಿನ ಒಂದೊಂದು ಬಡಾವಣೆಯಲ್ಲಿ ಬೀದಿ ಸಂತೆ ಕೂರುತ್ತದೆ, 'ಸೋಬ್ರೆರುಯೆದಾಸ್' ಎನ್ನುತ್ತಾರೆ; ಚಕ್ರದ ಮೇಲಿನದು ಎಂದರ್ಥ. ಅಲ್ಲಿ ಟಾರ್ಪಾಲು ಹಾಸಿ ಆಚೆಕಡೆಯ ಹಳೆಬಟ್ಟೆ ಮಾರಿ ಬದುಕುವ ಹೆಂಗಸರು ಬಹಳ. ಅದೇ ಬೀದಿಯಲ್ಲಿ ಚರ್ಚಿನ ವ್ಯಾನು ನಿಂತು ಅದೇ ಬಟ್ಟೆಯನ್ನು ಪುಕ್ಕಟೆ ಹಂಚಿದರೆ ಆ ದಿನದ ವ್ಯಾಪಾರ ಮಣ್ಣುಪಾಲು. ಹಾಗಾಗಿ ಕೆಲವು ಕಡೆ ಈಗ ವಿಂಗಡಿಸಿದ ಬಟ್ಟೆಯನ್ನು ಹಂಚದೆ, ಇಂಥ ಹೆಂಗಸರಿಗೇ ಕಡಿಮೆ ಬೆಲೆಗೆ ಕೊಟ್ಟು, ಆ ದುಡ್ಡಿನಲ್ಲಿ ಕಾಲುಚೀಲ ಕೊಳ್ಳುತ್ತಾರೆ. ದಾನಿಗಳಿಗೆ ಇದು ಕೇಳಿಸಿದರೆ ಮುಖ ಗಂಟಾಗುತ್ತದೆ, ಗೊತ್ತು.

ಗಡಿ ದಾಟಿ ಮೆಕ್ಸಿಕೋ ಒಳಗೆ ಬರುವಾಗ ಸುಂಕದ ಕಟ್ಟೆಯಲ್ಲಿ ಒಂದು ದೀಪ. ಹಸಿರು ಬಂದರೆ ಮುಂದೆ, ಕೆಂಪು ಬಂದರೆ ಪಕ್ಕಕ್ಕೆ ನಿಲ್ಲಿಸಿ ಗಾಡಿ ತಪಾಸಣೆ. ಹಳೆಬಟ್ಟೆಯ ಮೂಟೆ, ಔಷಧಿಯ ಡಬ್ಬ, ಹೊಸ ಉಪಕರಣ ಸಿಕ್ಕರೆ ಪ್ರಶ್ನೆ, ಸುಂಕ, ಕೆಲವೊಮ್ಮೆ ಜಪ್ತಿ. ತಂಡಗಳಿಗೆ ಹೊರಡುವ ಮುನ್ನ ಹೇಳಲೇಬೇಕಾದ ಮಾತುಗಳಲ್ಲಿ ಎರಡು ಪ್ರಾಣದಷ್ಟು ಮುಖ್ಯ. ಅಮೆರಿಕದ ವಾಹನ ವಿಮೆಯನ್ನು ಇಲ್ಲಿ ಪೊಲೀಸರು ಒಪ್ಪುವುದಿಲ್ಲ. ಮೆಕ್ಸಿಕನ್ ವಿಮೆ ಬೇರೆ ಮಾಡಿಸಬೇಕು, ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರ ಇತ್ಯರ್ಥವಾಗುವವರೆಗೂ ಚಾಲಕನನ್ನು ಹಿಡಿದಿಡಬಹುದು. ಎರಡನೆಯದು, ಬೇಟೆಗೆ ಹೋಗಿದ್ದಾಗ ಸೀಟಿನಡಿ ಉರುಳಿ ಮರೆತ ಒಂದೇ ಒಂದು ಗುಂಡು ಗಾಡಿಯಲ್ಲಿದ್ದರೂ ಜೈಲು ಸೇರಬೇಕಾದೀತು. ಹಿಂದಿನ ರಾತ್ರಿಯೇ ಗಾಡಿಯ ಮೂಲೆಮೂಲೆ ಗುಡಿಸಬೇಕು.

ಕಾಗದಪತ್ರ

1917ರ ಮೆಕ್ಸಿಕೋ ಸಂವಿಧಾನ ಪಾದ್ರಿಗಳನ್ನು ಅನುಮಾನದಿಂದಲೇ ಕಂಡಿತ್ತು. ವಿದೇಶಿಯರು ಧರ್ಮಸೇವೆ ಮಾಡುವಂತೆಯೇ ಇರಲಿಲ್ಲ. 1992ರಲ್ಲಿ ತಿದ್ದುಪಡಿಯಾಗಿ ಹೊಸ ಕಾನೂನು ಬಂದ ಮೇಲೆ ಚರ್ಚುಗಳು ಸರ್ಕಾರದಲ್ಲಿ 'ಧಾರ್ಮಿಕ ಸಂಘ' ಎಂದು ನೋಂದಾಯಿಸಿಕೊಳ್ಳಬಹುದು. ಈಗಲೂ ದೇವಾಲಯದ ಹೊರಗೆ, ಮೈದಾನದಲ್ಲೋ ಬೀದಿಯಲ್ಲೋ ಆರಾಧನೆ ನಡೆಸಬೇಕಾದರೆ ಕನಿಷ್ಠ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ರಾಜಕೀಯದ ಮಾತು ಪೂರ್ತಿ ನಿಷಿದ್ಧ. ನೆಲೆಸಲು ಬರುವವರು ಕಾನ್ಸುಲೇಟಿನಲ್ಲಿ ವೀಸಾ ಪಡೆದು, ಒಳಗೆ ಬಂದ 30 ದಿನದೊಳಗೆ ಅದನ್ನು ವಲಸೆ ಕಚೇರಿಯಲ್ಲಿ ನಿವಾಸದ ಕಾರ್ಡಿಗೆ ಬದಲಿಸಿಕೊಳ್ಳಬೇಕು. ಮೊದಲು ಒಂದು ವರ್ಷಕ್ಕೆ, ಆಮೇಲೆ ನವೀಕರಿಸಿ ಒಟ್ಟು ನಾಲ್ಕು ವರ್ಷ, ನಂತರ ಶಾಶ್ವತ ನಿವಾಸ. ಗಡಿ ಬಿಟ್ಟು ಹೊರಗೆ ಹೋಗಿಬರುವುದು ದಿನದ ಮಾತಾದ ಊರಿನಲ್ಲಿ ಆ 30 ದಿನದ ನಡುವೆ ಹಾಲು ತರಲು ಆಚೆ ಹೋಗಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದವರಿದ್ದಾರೆ.

ತಟ್ಟೆ ಮುಂದೆ ಬಂದಾಗ

ಕೊಡುವುದು ಕಲಿತವರಿಗೆ ತೆಗೆದುಕೊಳ್ಳುವುದು ಕಷ್ಟ. ಮನೆ ಕಟ್ಟುವ ಮೂರನೇ ದಿನ ಮನೆಯಾಕೆ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಅನ್ನ, ಹಿಸುಕಿ ಹುರಿದ ಬೀನ್ಸ್ ಕಾಳು, ಕೋಳಿ ಸಾರು ಮಾಡಿ ಇಪ್ಪತ್ತು ಜನರಿಗೆ ಬಡಿಸುತ್ತಾಳೆ. ಗಡಿ ವಲಯದ ಕನಿಷ್ಠ ಕೂಲಿ 2019ರಲ್ಲಿ ದಿನಕ್ಕೆ 176.72 ಪೆಸೋ ಆಯಿತು, 2025ರಲ್ಲಿ 419.88. ಆ ಲೆಕ್ಕದಲ್ಲಿ ಆ ಊಟ ಎಷ್ಟು ದಿನದ ದುಡಿಮೆ ಎಂದು ಯಾರು ಬೇಕಾದರೂ ಗುಣಿಸಬಹುದು. ಹೊಟ್ಟೆ ಕೆಡುತ್ತದೆಂಬ ಹೆದರಿಕೆಗೆ ಚೀಲದಿಂದ ಬಿಸ್ಕತ್ತು ತೆಗೆದ ಒಬ್ಬ ಹುಡುಗ ಸಾಕು, ಇಡೀ ಮನೆಯ ಸುಖ ಕೆಡಿಸಲು. ಮಿಷನರಿ ಹಿಂದಿನ ಸಂಜೆಯೇ ಹೇಳಿರಬೇಕು: ಅಡುಗೆಗೆ ಗರ್ರಫೋನ್ ನೀರು ಕೊಟ್ಟಿದ್ದೇವೆ, ಬಿಸಿಯಾಗಿ ಬಂದದ್ದನ್ನು ತಿನ್ನಿ, ಎರಡನೇ ಸಲ ಹಾಕಿಸಿಕೊಳ್ಳಿ. ಉಣ್ಣುತ್ತಿರುವವರ ಮುಂದೆ ಹಾದು ಹೋದರೆ 'ಪ್ರೊವೆಚೋ' (ಊಟ ಚೆನ್ನಾಗಿ ಆಗಲಿ) ಎನ್ನಿ, ಹಿರಿಯರನ್ನು 'ಉಸ್ತೆದ್' (ತಾವು) ಎಂದು ಗೌರವದಿಂದಲೇ ಮಾತಾಡಿಸಿ.

(ಸಸ್ಯಾಹಾರಿಗಳಿಗೊಂದು ಮಾತು. ಹಿಸುಕಿದ ಬೀನ್ಸಿಗೂ ಅಲ್ಲಿನ ರೊಟ್ಟಿಯಾದ ಗೋಧಿ ತೊರ್ತಿಯಾಕ್ಕೂ ಹಂದಿಯ ಕೊಬ್ಬು ಹಾಕುವುದು ರೂಢಿ. ಪಂಜಾಬು, ಗುಜರಾತಿನಿಂದ ಹೊರಟು ಈ ಗಡಿಯವರೆಗೆ ಬಂದು ಆಶ್ರಯಧಾಮ ಸೇರುವ ಭಾರತೀಯರೂ ಇದ್ದಾರೆ. ಅವರಲ್ಲಿ ಮಾಂಸ ಮುಟ್ಟದವರಿಗೆ ಮೆಕ್ಕೆಜೋಳದ ತೊರ್ತಿಯಾ, ಮಡಕೆಯಿಂದ ನೇರ ಬಡಿಸಿದ ಬೇಯಿಸಿದ ಬೀನ್ಸು, ಅನ್ನ, ಅದೂ ಕೇಳಿಕೊಂಡು. ಅಡುಗೆಮನೆಯ ಹೆಂಗಸಿಗೆ 'ಮಾಂಸ ಬೇಡ' ಎಂದರೆ ಕೊಬ್ಬು ಲೆಕ್ಕಕ್ಕೆ ಬರುವುದಿಲ್ಲ. 'ಮಾಂತೆಕಾ ಬೇಡ' ಎಂದೇ ಹೇಳಬೇಕು.)

ಸಾವಿನ ಮನೆಯಲ್ಲಂತೂ ಕೊಡಲು ಏನೂ ಇರುವುದಿಲ್ಲ. ಹೆಣವನ್ನು ಒಂದೆರಡು ದಿನದಲ್ಲಿ ಮಣ್ಣು ಮಾಡುತ್ತಾರೆ. ಅದಕ್ಕೂ ಮೊದಲ ರಾತ್ರಿ 'ವೆಲೋರಿಯೋ', ಬೆಳತನಕ ಎಚ್ಚರ. ಮಡಚುವ ಕುರ್ಚಿ, ದೊಡ್ಡ ಪಾತ್ರೆಯ ಕಾಫಿ, ಸಿಹಿ ಬ್ರೆಡ್ಡು. ಚರ್ಚಿನ ಕುರ್ಚಿಗಳನ್ನು ಹೊತ್ತು ತಂದು ಹಾಕಿ, ಮೂಲೆಯಲ್ಲಿ ಸುಮ್ಮನೆ ಕೂರುವುದು ಆ ರಾತ್ರಿಯ ಕೆಲಸ. ಮೆಕ್ಸಿಕೋದಲ್ಲಿ "ನೀವು ಕಥೋಲಿಕರೋ ಕ್ರೈಸ್ತರೋ?" ಎಂದು ಕೇಳುತ್ತಾರೆ. ನಮಗೆ ವಿಚಿತ್ರ ಅನಿಸಬಹುದು, ಅಲ್ಲಿ 'ಕ್ರೈಸ್ತ' ಎಂದರೆ ಇವಾಂಜೆಲಿಕಲ್, ಅಂದರೆ ಪ್ರಾಟೆಸ್ಟೆಂಟ್ ಪಂಗಡದವರು. 2020ರ ಜನಗಣತಿಯ ಪ್ರಕಾರ ನೂರಕ್ಕೆ 77.7 ಮಂದಿ ಕಥೋಲಿಕರು, 11.2 ಮಂದಿ ಪ್ರಾಟೆಸ್ಟೆಂಟರು. ಒಂದೇ ಮನೆಯಲ್ಲಿ ಎರಡೂ ಇರುವುದು ಮಾಮೂಲು. ಅಜ್ಜಿ ಜಪಮಾಲೆ ಹಿಡಿದು ಒಂಬತ್ತು ರಾತ್ರಿಯ ಪ್ರಾರ್ಥನೆ ಶುರುಮಾಡಿದಾಗ ವಾದಕ್ಕಿಳಿದ ಹೊಸ ಪಾದ್ರಿ ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ಓಡಾಡುವುದು ಕಷ್ಟ.

ಕೊಡುವವರು ಉಳಿಯುವವರಾಗುವುದಕ್ಕೆ ಈ ಊರಿನಲ್ಲಿ ಎಲ್ಲರೂ ಹೇಳುವ ಉದಾಹರಣೆ ಮದರ್ ಆಂಟೋನಿಯಾ ಬ್ರೆನ್ನರ್. ಬೆವರ್ಲಿ ಹಿಲ್ಸಿನಲ್ಲಿ ಬೆಳೆದ, ಎರಡು ಮದುವೆ ಮುರಿದ, ಏಳು ಮಕ್ಕಳ ತಾಯಿ. 1965ರಲ್ಲಿ ತಿಹುವಾನಾದ ಲಾ ಮೇಸಾ ಜೈಲಿಗೆ ಮೊದಲು ಬಂದಾಗ ಆಕೆಯೂ ಸಾಮಾನು ಹೊತ್ತು ತಂದ ದಾನಿಯೇ. ಹನ್ನೆರಡು ವರ್ಷ ಹಾಗೇ ಬಂದು ಹೋಗಿ, 1977ರಲ್ಲಿ ಜೈಲೊಳಗೇ ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ ವಾಸಕ್ಕೆ ಬಂದರು. ಕೈದಿಗಳ ಊಟ, ಕೈದಿಗಳ ಜೊತೆ ಬೆಳಗಿನ ಹಾಜರಿ. 2013ರಲ್ಲಿ ತೀರಿಕೊಂಡಾಗ 86 ವರ್ಷ. ನಮ್ಮ ಕೋಲ್ಕತ್ತದ ಎಳೆಯೂ ಈ ಊರಿಗೆ ಇದೆ. ಮದರ್ ತೆರೇಸಾ 1984ರಲ್ಲಿ ಜೋಸೆಫ್ ಲ್ಯಾಂಗ್‌ಫರ್ಡ್ ಜೊತೆ ಶುರುಮಾಡಿದ ಪಾದ್ರಿಗಳ ಸಭೆಯ ಕೇಂದ್ರ ಇರುವುದು ತಿಹುವಾನಾದಲ್ಲೇ. 1991ರ ಕೊನೆಯಲ್ಲಿ ಇಲ್ಲಿಗೆ ಬಂದಿದ್ದಾಗಲೇ ಮದರ್ ತೆರೇಸಾರ ಆರೋಗ್ಯ ಕೆಟ್ಟು ಗಡಿಯಾಚೆಯ ಆಸ್ಪತ್ರೆಗೆ ಸೇರಿಸಿದ್ದು.

ಪುಸ್ತಕ, ಆ್ಯಪು, ಮತ್ತೆ ಏನೂ ಇಲ್ಲ

ಕಥೋಲಿಕರ ಸ್ಕಲಬ್ರಿನಿ ಸಭೆಯ ಪಾದ್ರಿಗಳು 1987ರಿಂದ ನಡೆಸುತ್ತಿರುವ 'ಕಾಸಾ ದೆಲ್ ಮಿಗ್ರಾಂತೆ' (ವಲಸಿಗರ ಮನೆ) ಇಲ್ಲಿನ ಹಳೆಯ ಆಶ್ರಯಧಾಮಗಳಲ್ಲೊಂದು. 2016ರಲ್ಲಿ ಹೈಟಿಯವರು ಸಾವಿರಗಟ್ಟಲೆ ಬಂದಾಗ ಇವಾಂಜೆಲಿಕಲ್ ಚರ್ಚುಗಳೂ ಬೆಂಚು ಸರಿಸಿ ಚಾಪೆ ಹಾಸಿದವು. ಚೇಳಿನ ಕಣಿವೆ ಎಂದು ಕರೆಯುವ ಕೊರಕಲಿನ 'ಎಂಬಹದೋರೆಸ್ ದೆ ಹೆಸುಸ್' ಚರ್ಚಿನ ಸುತ್ತ ಒಂದು ಪುಟ್ಟ ಹೈಟಿಯೇ ಬೆಳೆಯಿತು. ಇಂಥ ಕಡೆ ಕೆಲಸ ಮಾಡುವವರ ದಿನಚರಿಯನ್ನು ವಾಷಿಂಗ್ಟನ್ನಿನ ಒಂದು ಆದೇಶ ರಾತ್ರೋರಾತ್ರಿ ಬದಲಿಸುತ್ತದೆ. ಮೊದಲು ಗಡಿಕಟ್ಟೆಯ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅಮೆರಿಕದಲ್ಲಿ ಆಶ್ರಯ ಕೇಳುವವರು ತಾವೇ ನಡೆಸುತ್ತಿದ್ದ ಸರದಿ ಪಟ್ಟಿ, ಒಂದು ಸಂಖ್ಯೆಗೆ ಹತ್ತು ಹೆಸರು. ಆಗಿನ ಕೆಲಸ ಬೆಳಗ್ಗೆ ಎಷ್ಟನೇ ಸಂಖ್ಯೆ ಕೂಗಿದರು ಎಂದು ತಿಳಿದು ಬಂದು ಹೇಳುವುದು. 2020ರ ಮಾರ್ಚಿನಿಂದ 2023ರ ಮೇ ತನಕ ಸಾಂಕ್ರಾಮಿಕದ ಹೆಸರಿನಲ್ಲಿ ಬಾಗಿಲು ಬಹುತೇಕ ಮುಚ್ಚಿತ್ತು. 2023ರ ಜನವರಿಯಲ್ಲಿ ಸರದಿ ಮೊಬೈಲ್ ಆ್ಯಪಿಗೆ ಬಂತು.

ಆಮೇಲೆ ಸೇವೆ ಎಂದರೆ ಪ್ಲಗ್ ಪಾಯಿಂಟು. ನೂರು ಜನರಿಗೆ ಎಂಟು ಪ್ಲಗ್ಗು, ಒಂದು ವೈಫೈ. ಇಡೀ ಗಡಿಗೆ ಸೇರಿ ದಿನಕ್ಕೆ 1,450 ಸರದಿ. ಮನೆಮಂದಿಯ ಎಲ್ಲರ ಹೆಸರು ಒಂದೇ ಅರ್ಜಿಯಲ್ಲಿ ಇರಬೇಕು, ಇಲ್ಲವಾದರೆ ಗಂಡನಿಗೊಂದು ದಿನ ಹೆಂಡತಿಗೊಂದು ದಿನ. ಕಪ್ಪು ಮುಖದ ಫೋಟೋವನ್ನು ಆ್ಯಪು ಗುರುತಿಸದೆ ಹೈಟಿಯವರನ್ನು ಗೋಳು ಹೊಯ್ದುಕೊಂಡಿತು. ಬೆಳಕಿನತ್ತ ಮುಖ ಮಾಡಿಸಿ, ಹಿಂದೆ ಬಿಳಿ ಬೆಡ್‌ಶೀಟು ಹಿಡಿದು, ಮತ್ತೆ ಮತ್ತೆ ಕ್ಲಿಕ್ಕಿಸಬೇಕಿತ್ತು. 2025ರ ಜನವರಿ 20ರಂದು ಅದೂ ನಿಂತಿತು. ಮುಂದಿನ ದಿನಗಳಿಗೆ ಸಿಕ್ಕಿದ್ದ ಸುಮಾರು 30,000 ಸರದಿ ರದ್ದು. ಆ ದಿನ ಚೀಲ ಕಟ್ಟಿಕೊಂಡು ಕೂತಿದ್ದವರಿಗೆ ಯಾವ ಮೂಟೆ ಬಿಚ್ಚಿ ಏನು ಕೊಡುವುದು? ಇದ್ದದ್ದು ಸಂಜೆಯ ಅಡುಗೆ. ಅಕ್ಕಿ ತೊಳೆಯಬೇಕಿತ್ತು.

ಬೆರಳು ತೂರುವಷ್ಟು

ಊರಿನ ಪಶ್ಚಿಮ ತುದಿಯಲ್ಲಿ, ಬೇಲಿ ಸಮುದ್ರಕ್ಕಿಳಿಯುವ ಜಾಗದಲ್ಲಿ, 258ನೇ ಗಡಿಕಲ್ಲಿದೆ. 1971ರಲ್ಲಿ ಅಲ್ಲಿ ಸ್ನೇಹ ಉದ್ಯಾನವನ್ನು ಉದ್ಘಾಟಿಸಿದ್ದು ಅಂದಿನ ಅಮೆರಿಕದ ಅಧ್ಯಕ್ಷರ ಪತ್ನಿ ಪ್ಯಾಟ್ ನಿಕ್ಸನ್. ಆಗ ಇದ್ದದ್ದು ಮುಳ್ಳುತಂತಿ. ಆಮೇಲೆ ಕಂಬಗಳ ಬೇಲಿ, ಆಮೇಲೆ ಕಂಬಗಳ ನಡುವೆ ದಟ್ಟ ಕಬ್ಬಿಣದ ಜಾಲರಿ. ಡಿಸೆಂಬರ್ 16ರಿಂದ 24ರವರೆಗೆ ಮೆಕ್ಸಿಕೋದ ಬೀದಿಬೀದಿಯಲ್ಲಿ 'ಪೊಸಾದಾ' ನಡೆಯುತ್ತದೆ. ಒಂದು ಗುಂಪು ಮರಿಯ ಯೋಸೇಫರಾಗಿ ಬಾಗಿಲ ಹೊರಗೆ ನಿಂತು ಒಂದು ರಾತ್ರಿ ತಂಗಲು ಜಾಗ ಕೊಡಿ ಎಂದು ಹಾಡುತ್ತದೆ, ಒಳಗಿನ ಗುಂಪು ಜಾಗವಿಲ್ಲ ಹೋಗಿ ಎಂದು ಹಾಡುತ್ತದೆ, ಕೊನೆಗೆ ಬಾಗಿಲು ತೆರೆಯುತ್ತದೆ. 1994ರಿಂದ ಈ ಬೇಲಿಯ ಎರಡೂ ಬದಿ ನಿಂತು ಅದೇ ಹಾಡನ್ನು ಹಾಡುತ್ತಾ ಬಂದಿದ್ದಾರೆ. ಹಾಡಿನ ಕೊನೆಯ ಚರಣದಲ್ಲಿ ಬಾಗಿಲು ತೆರೆಯಬೇಕು. ಇಲ್ಲಿ ತೆರೆಯಲು ಬಾಗಿಲಿಲ್ಲ, ಆದರೂ ಆ ಚರಣವನ್ನು ಬಿಡುವುದಿಲ್ಲ.

ಮೆಥಡಿಸ್ಟ್ ಪಾದ್ರಿ ಜಾನ್ ಫೆನೆಸ್ಟಿಲ್ 2008ರಲ್ಲಿ ಇಲ್ಲಿ ಬೇಲಿಯ ಕಂಬಗಳ ಮೂಲಕವೇ ಪ್ರಭು ಭೋಜನ ಕೊಡತೊಡಗಿದರು. ಏನನ್ನೇ ಆಗಲಿ ಆಚೆಯಿಂದ ಈಚೆಗೆ ದಾಟಿಸಿದರೆ ಅದು ಸುಂಕದ ನಿಯಮಕ್ಕೆ ಬರುತ್ತದೆ. ರೊಟ್ಟಿಯ ತುಣುಕಾದರೂ ಅಷ್ಟೇ. ಜಾಲರಿ ಬಂದ ಮೇಲೆ ಆ ಪ್ರಶ್ನೆಯೂ ಉಳಿಯಲಿಲ್ಲ, ಏಕೆಂದರೆ ಅದರಲ್ಲಿ ತೂರುವುದು ಕಿರುಬೆರಳ ತುದಿ ಮಾತ್ರ. ಆಮೇಲೆ ಬದಿಗೊಂದು ಮೇಜು, ಬದಿಗೊಂದು ರೊಟ್ಟಿ, ಬದಿಗೊಂದು ಬಟ್ಟಲು. ಈಚೆಯ ರೊಟ್ಟಿಯನ್ನು ಈಚೆಯವರು ಮುರಿಯುತ್ತಿದ್ದರು, ಆಚೆಯದನ್ನು ಆಚೆಯವರು. ಶಾಂತಿ ಹೇಳುವ ಹೊತ್ತಿಗೆ ಜಾಲರಿಯ ಹತ್ತಿರ ಹೋಗಿ ಬೆರಳ ತುದಿಗೆ ಬೆರಳ ತುದಿ ತಾಗಿಸುತ್ತಿದ್ದರು. 2020ರಲ್ಲಿ ಅಮೆರಿಕದ ಬದಿಯನ್ನು ಮುಚ್ಚಿದರು, 2023ರಲ್ಲಿ 30 ಅಡಿಯ ಹೊಸ ಗೋಡೆ ಎಬ್ಬಿಸಿದರು. ಈಚೆ ಬದಿಯಲ್ಲಿ ದೀಪಸ್ತಂಭದ ಕೆಳಗೆ ಎಳನೀರು, ಸೌತೆಕಾಯಿಗೆ ಖಾರ ಹಾಕಿ ಮಾರುವವರ ಗಾಡಿಗಳು, ಸಮುದ್ರದಲ್ಲಿ ಆಡುವ ಮಕ್ಕಳು. ಮಡಚುವ ಮೇಜು ಬಿಡಿಸಿ ಬಿಳಿ ಬಟ್ಟೆ ಹಾಸಿದರೆ ಗಾಳಿ ಎತ್ತಿಕೊಂಡು ಹೋಗುತ್ತದೆ, ನಾಲ್ಕು ಮೂಲೆಗೂ ಕಲ್ಲು ಇಡಬೇಕು.